ಸದ್ದಡಗಿಸುವ ಕೆಲಸ

ಭೌತವಿಜ್ಞಾನಿ ಎಂದರೆ ನಕ್ಷತ್ರದ ಲೆಕ್ಕ ಇಡುವವರು
ಎಂದುಕೊಂಡಿದ್ದೆ ನಾನು, ಲೇತಿನವ.
ಅಸ್ಟಾ ಲಿನ್ನೆಮಾನ್ ಆಲ್ಸ್ ದ್ವೀಪಕ್ಕೆ ಬಂದಾಗ
ಅರವತ್ತೇಳರ ಫೆಬ್ರವರಿ, ಕೊಲ್ಲಿಯ ಅಂಚು ಹೆಪ್ಪುಗಟ್ಟಿತ್ತು;
ಕೋಪನ್‌ಹೇಗನ್ನಿನ ಪದವಿ, ಒಂದು ಸೈಕಲ್ಲು,
ಕಿವಿ ಮುಚ್ಚುವ ಉಣ್ಣೆಟೋಪಿ.
ಕಾರ್ಖಾನೆ ಅವಳಿಗೆ ಕೊಟ್ಟದ್ದು ಆಕಾಶವಲ್ಲ,
ಫ್ರಿಜ್ಜಿನ ಬೆನ್ನಿಗೆ ಅಂಟಿ ಗುಂಯ್‌ಗುಡುವ ಒಂದು ಕರಿ ಗಡಿಗೆ.
'ಇದನ್ನು ಸುಮ್ಮನಾಗಿಸಿ.'
ಅಷ್ಟೇ. ಮೂವತ್ತೊಂದು ವರ್ಷಕ್ಕೆ ಸಾಕಾಯಿತು.

ಗಡಿಗೆಯೊಳಗೆ ಮೋಟಾರು, ಮೋಟಾರಿಗೊಂದು ಪಿಸ್ಟನ್ನು,
ಪಿಸ್ಟನ್ನಿನ ಬಾಯಿಗೆ ಉಕ್ಕಿನದೊಂದು ನಾಲಿಗೆ,
ಎರಡು ಮೂರು ಕೂದಲಿನಷ್ಟು ದಪ್ಪ.
ಸೆಕೆಂಡಿಗೆ ಐವತ್ತಕ್ಕೆ ಒಂದೆರಡು ಕಡಿಮೆ ಸಲ
ತೆರೆದು ಮುಚ್ಚಿ ತೆರೆದು ಮುಚ್ಚಿ.
'ಚಾಡಿ ಹೇಳುವುದು ಇದೇ ನಾಲಿಗೆ, ಎಯ್ನಾರ್' ಎಂದಳು.
ಕೊಯ್ದು ಕೊಟ್ಟೆ. ದುಂಡಗೆ ಒಂದು, ಚೂಪಗೆ ಒಂದು,
ನಡುವೆ ತೂತಿನದು, ತುದಿ ಸೀಳಿದ್ದು,
ಎರಡು ಚಳಿಗಾಲದಲ್ಲಿ ನೂರ ನಲವತ್ತು ನಾಲಿಗೆ.
ಒಂದೊಂದಕ್ಕೂ ನಂಬರು, ತಾರೀಕು,
ಪೆನ್ಸಿಲಿನಲ್ಲಿ ಅವಳದೊಂದು ಬೈಗುಳ.

ನೆಲಮಾಳಿಗೆಯಲ್ಲಿ ಕೋಣೆ ಕಟ್ಟಿಸಿದಳು,
ಗೋಡೆ ತುಂಬ ಗಾಜುನಾರಿನ ಬೆಣೆ, ನೆಲದ ಬದಲು ತಂತಿಬಲೆ.
ಆಡಿದ ಮಾತು ತುಟಿಯ ಬುಡದಲ್ಲೇ ಬಿದ್ದು ಸಾಯುವ ಕೋಣೆ.
ಅಲ್ಲೇ ಕೂತು ತಿನ್ನುತ್ತಿದ್ದಳು ರೈ ರೊಟ್ಟಿ,
ಹುಳಿಯಲ್ಲಿ ನೆನೆಸಿದ ಹೆರಿಂಗ್ ಮೀನು.
ಒಂದು ಮಧ್ಯಾಹ್ನ ಅಗಿಯುವುದನ್ನು ನಿಲ್ಲಿಸಿ
'ನನ್ನೊಳಗೂ ಒಂದು ನಾಲಿಗೆ ಸರಿಯಾಗಿ ಮುಚ್ಚುತ್ತಿಲ್ಲ,
ಸೋರುತ್ತಿದೆ, ಕೇಳು.'
ನನಗೇನು ಕೇಳಿಸೀತು,
ಇಪ್ಪತ್ತು ವರ್ಷ ಲೇತಿನ ಪಕ್ಕ ನಿಂತ ಕಿವಿ.
ಡಾಕ್ಟರಿಗೆ ಅದು ಕೇಳಿಸಿದ್ದು ಹನ್ನೆರಡು ವರ್ಷದ ಮೇಲೆ.

ಏಳು ಪೇಟೆಂಟು, ಏಳೂ ಕಂಪನಿಯ ಹೆಸರಲ್ಲಿ.
ಒಂದೊಂದಕ್ಕೆ ಒಂದು ಲಕೋಟೆ, ಲಕೋಟೆಯಲ್ಲಿ ಒಂದು ಕ್ರೋನ್.
ಏಳೂ ಸೇರಿಸಿ ನನಗೆ ಕಾಫಿ ಕುಡಿಸಿದಳು,
ಸಾಲದ ಚಿಲ್ಲರೆ ನಾನೇ ಹಾಕಿದೆ.
ಬರೆದ ಪ್ರಬಂಧಗಳು ವಕೀಲರ ಮೇಜಿನ ಮೇಲೆ ಹಳದಿಯಾದವು.
ಜೊತೆಗೆ ಓದಿದವರು ಪ್ರೊಫೆಸರುಗಳು,
ಸುರಂಗದಲ್ಲಿ ಕಣಕ್ಕೆ ಕಣ ಢಿಕ್ಕಿ ಹೊಡೆಸುವವರು.
ಒಬ್ಬ ಕೇಳಿದನಂತೆ, 'ಇನ್ನೂ ಫ್ರಿಜ್ಜೇ?'
'ಇನ್ನೂ ಬ್ರಹ್ಮಾಂಡವೇ?' ಅಂದಳಂತೆ.

ಎಂಬತ್ತೆಂಟರಲ್ಲಿ ಗಡಿಗೆ ಬಾಯಿ ಮುಚ್ಚಿತು.
ಯಾರೂ ಗಮನಿಸಲಿಲ್ಲ.
ಗಮನಿಸದಂತೆ ಮಾಡುವುದೇ ತಾನೇ ಕೆಲಸ.
ಓಡೆನ್ಸೆಯಿಂದ ಒಬ್ಬಾಕೆ ಕಾಗದ ಬರೆದಳು:
'ನಿಮ್ಮ ಫ್ರಿಜ್ಜು ಸತ್ತಿದೆ. ಬೆಣ್ಣೆ ಏನೋ ತಣ್ಣಗಿದೆ.
ದಯವಿಟ್ಟು ಯಾರನ್ನಾದರೂ ಕಳಿಸಿ.'
ಆ ಕಾಗದಕ್ಕೆ ಚೌಕಟ್ಟು ಹಾಕಿಸಿದಳು.
ಪದವಿಪತ್ರ ಎಲ್ಲಿದೆಯೋ ಅವಳಿಗೇ ಗೊತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಲ್ಯಾಬು ಮುಚ್ಚಿದರು,
ಸದ್ದಿಲ್ಲದ ಕೋಣೆಯಲ್ಲಿ ಹಳೆ ಬಿಲ್ಲುಗಳನ್ನು ಒಟ್ಟಿದರು.
ಬೀಗದ ಕೈ ಒಪ್ಪಿಸಿ ಬಂದು
ಹೆರಿಂಗ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು.
ಅಲುಗಿಸಿದರೆ ಝಣ್ಣೆಂದವು, ನೂರ ನಲವತ್ತೂ.

ಮರುವರ್ಷ ಅವಳ ಎದೆ ಬಿಚ್ಚಿ ಹೊಲಿದರು.
ನೋಡಲು ಹೋದೆ, ಡಬ್ಬಿ ಹಿಡಿದೇ ಹೋದೆ, ಯಾಕೋ.
ಅಡುಗೆಮನೆಯಲ್ಲಿ ಫ್ರಿಜ್ಜು ಮೂಕ, ಕೆಟಲಿನ್ನೂ ಕಾದಿಲ್ಲ.
ಟಿಕ್. ಟಿಕ್.
ಪಕ್ಕದ ಮನೆಯ ಹುಡುಗಿ ಮೇಜಿನಡಿ ಬಗ್ಗಿ
ಗಡಿಯಾರ ಹುಡುಕುತ್ತಿದ್ದಳು.
ಅಸ್ಟಾ ಸ್ವೆಟರಿನ ಮೇಲೆ ಬೆರಳಿಟ್ಟು ಗೊಣಗಿದಳು:
'ಕಾರ್ಬನ್ನಿನ ಎರಡು ರೆಕ್ಕೆ. ಬಡಿಯುವ ಅಂಚು ಬಿರುಸು.
ಇದನ್ನು ಮಾಡಿದವನು ಒಂದು ರಾತ್ರಿಯೂ
ಇದರ ಪಕ್ಕ ಮಲಗಿಲ್ಲ.'

ನನ್ನ ಕಿವಿಗೂ ಕೇಳಿಸುತ್ತಿತ್ತು, ಲೇತು ತಿಂದ ಈ ಕಿವಿಗೂ.
ಪೆನ್ಸಿಲು ತೆಗೆದು ಡಬ್ಬಿಯ ಮುಚ್ಚಳದ ಮೇಲೆ
ನೂರ ನಲವತ್ತೊಂದು ಎಂದು ಬರೆದೆ, ಕೆಳಗೆ ತಾರೀಕು,
ಡಬ್ಬಿಯನ್ನು ಅವಳತ್ತ ತಳ್ಳಿದೆ.
ಬೈಗುಳ ಅವಳೇ ಬರೆದುಕೊಂಡಳು.